ಸುಂಕಮ್ಮನ ಪಿನ್ನು, ಸೂರ್ಯನ ಬಿರುಗಾಳಿ

ಸೂರ್ಯನ ಚಟುವಟಿಕೆಯ ಮುನ್ಸೂಚನೆ ನೀಡುವ ವಿಭಾಗದ ಮಾನ್ಯ ಮುಖ್ಯಸ್ಥರೇ,

ಸೂರ್ಯ ಮಾಡಿದ ತಪ್ಪಿಗೆ ನೀವು ಕಸಗುಡಿಸುವ ಹೆಂಗಸೊಬ್ಬಳನ್ನು ಕೆಲಸದಿಂದ ತೆಗೆದಿದ್ದೀರಿ. ಮೂರು ತಿಂಗಳಲ್ಲಿ ನಾಲ್ಕು ಅರ್ಜಿ ಕಳಿಸಿದೆ, ಉತ್ತರವಿಲ್ಲ. ಕೂತಲ್ಲಿ ಕೂರಲಾಗದೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಹಿರೇಹಡಗಲಿಯಿಂದಾಚೆ, ಕರೆಂಟಿನ ತಂತಿಯೂ ಹಾಯದ ಬಯಲಲ್ಲಿ ನಿಮ್ಮದೊಂದು ಕೊಠಡಿಯಿದೆ. ಭೂಮಿಯ ಕಾಂತಕ್ಷೇತ್ರ ಹೇಗೆ ಏರಿಳಿಯುತ್ತದೆಂದು ಅಲ್ಲಿನ ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತದೆ. ನಾನು ಅಲ್ಲಿನ ವೀಕ್ಷಕ. ಹತ್ತಿರ ಕಬ್ಬಿಣ ಸುಳಿದರೆ ಗೆರೆ ಕೆಡುತ್ತದೆಂದು ಬಾಗಿಲಿಗೆ ಹಿತ್ತಾಳೆಯ ಬೀಗ. ನನ್ನ ಸೈಕಲ್ಲು ನಿಲ್ಲುವುದು ನೂರು ಮಾರು ದೂರದ ಬೇವಿನ ಮರದಡಿ. ಅಲ್ಲಿ ಕಸ ಗುಡಿಸುವ ಸುಂಕಮ್ಮ ನಮ್ಮ ಕಡೆಯ ಹೆಂಗಸರಂತೆ ಬಳೆಗೆ ನಾಲ್ಕಾರು ಪಿನ್ನು ಸಿಕ್ಕಿಸಿಕೊಂಡಿರುತ್ತಾಳೆ. ಒಂಬತ್ತು ವರ್ಷ, ದಿನವೂ ಅದೇ ಮರದಡಿ ಅವನ್ನು ಬಿಚ್ಚಿ ಮಣ್ಣಿನ ಕುಡಿಕೆಗೆ ಹಾಕಿಯೇ ಒಳಗೆ ಕಾಲಿಟ್ಟವಳು ಅವಳು.

2003ರ ಅಕ್ಟೋಬರ್ 29, ಬುಧವಾರ ಅವಳು ಬೆಳಿಗ್ಗೆ ಎಂಟಕ್ಕೆ ಗುಡಿಸಿ ಹೋದಳು. ಹನ್ನೊಂದೂ ಮುಕ್ಕಾಲರ ಹೊತ್ತಿಗೆ ಗೆರೆ ಜಿಗಿಯಿತು. ಶುಕ್ರವಾರದವರೆಗೂ ಹುಚ್ಚೆದ್ದು ಕುಣಿಯಿತು. ಅಂಥದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಶನಿವಾರ ತಪಾಸಣೆಗೆ ಬಂದ ನಿಮ್ಮ ಅಧಿಕಾರಿ ಕಾಗದ ನೋಡಿ, "ಒಳಗೆ ಕಬ್ಬಿಣ ತಂದವರು ಯಾರು? ಹೆಸರು ಹೇಳು, ಇಲ್ಲ ನೀನೇ ಮನೆಗೆ ನಡೆ" ಎಂದು ಗುಡುಗಿದರು. "ಸುಂಕಮ್ಮ ಪಿನ್ನು ತಗಿಯೋದು ಮರ್ತಿರಬೇಕ್ರಿ" ಎಂದುಬಿಟ್ಟೆ. ಅವರು ಬರೆದ ಹೇಳಿಕೆಗೆ ಸಹಿಯನ್ನೂ ಹಾಕಿದೆ. ನೆನೆದರೆ ನಾಚಿಕೆಯಾಗುತ್ತದೆ, ಸ್ವಾಮಿ.

ಇಷ್ಟಾದ ಮೇಲೆ, ಗೆರೆ ಜಿಗಿದ ಹನ್ನೊಂದನೆಯ ದಿನ, ಅಂಚೆಯಲ್ಲಿ ನಿಮ್ಮ ಮುನ್ನೆಚ್ಚರಿಕೆ ದಯಮಾಡಿಸಿತು. ಸೂರ್ಯನಲ್ಲಿ ಭಾರಿ ಸ್ಫೋಟವಾಗಿದೆ, 29ರ ಸುಮಾರಿಗೆ ಕಾಂತಬಿರುಗಾಳಿ ಬರಬಹುದು, ವೀಕ್ಷಕರು ಎಚ್ಚರದಿಂದಿರತಕ್ಕದ್ದು! ಸೂರ್ಯನಿಂದ ಹೊರಟ ಬಿರುಗಾಳಿ ಒಂದು ದಿನದೊಳಗೆ ಭೂಮಿ ಮುಟ್ಟಿತು. ನಿಮ್ಮ ಲಕೋಟೆ ಹಿರೇಹಡಗಲಿ ಮುಟ್ಟಲು ಇಷ್ಟು ದಿನ ಬೇಕೇ? ಒಂದು ತಂತಿ ಕಳಿಸಲು ಯಾರ ಅಪ್ಪಣೆ ಬೇಕಿತ್ತು? ನೀವೇ ಅಚ್ಚು ಹಾಕಿಸಿದ ವರದಿಯ ಪ್ರಕಾರ ನಿಮ್ಮ ಉಳಿದ ಕೇಂದ್ರಗಳಲ್ಲೂ ಅದೇ ನಿಮಿಷಕ್ಕೆ ಗೆರೆ ಜಿಗಿದಿದೆ. ಅಲ್ಲಿಗೆಲ್ಲ ಸುಂಕಮ್ಮ ಯಾವ ಬಸ್ಸು ಹಿಡಿದು ಹೋಗಿದ್ದಳು? ಒಂದು ಪಿನ್ನು ಭೂಮಂಡಲವನ್ನೇ ಮೂರು ದಿನ ಅಲುಗಾಡಿಸುವುದಾದರೆ, ಸೂರ್ಯನನ್ನು ಕಾಯಲು ನಿಮ್ಮಂಥ ವಿಭಾಗ ಏಕೆ?

ಈಗ ಊರ ಶಾಲೆಯವರು "ಸರ್ಕಾರಿ ಮಿಶಿನ್ ಕೆಡಿಸಿದಾಕಿ" ಎಂದು ಅವಳಿಗೆ ಬಿಸಿಯೂಟದ ಅಡುಗೆ ಕೆಲಸವನ್ನೂ ಕೊಡುತ್ತಿಲ್ಲ. ನಿಮ್ಮ ಮುನ್ನೆಚ್ಚರಿಕೆಯ ಕಾಗದ ಹಿಡಿದು ಅವಳ ಮನೆಗೆ ಹೋದೆ. "ತಪ್ಪು ನಿಂದಲ್ಲ ಸುಂಕಮ್ಮ, ಸೂರ್ಯಂದು" ಎಂದೆ. ಒಲೆಯ ಮುಂದಿನಿಂದ ಏಳದೆ ಅಂದಳು: "ಎಲ್ಲಾ ಸೂರ್ಯನ ಮ್ಯಾಲ ಹಾಕಬ್ಯಾಡ್ರಿ ಬೆನಕಪ್ಪಣ್ಣಾರ. ಸೈ ಮಾಡಿದೋರು ನೀವು."

ಹೌದು, ನಾನೇ. ಆ ಹೇಳಿಕೆ ಸುಳ್ಳೆಂದು ನಾಲ್ಕು ತಾಲ್ಲೂಕು ಓದುವಂತೆ ಇಲ್ಲಿ ಬರೆದಿದ್ದೇನೆ. ಇನ್ನು ನಿಮ್ಮ ಸರದಿ. ಸುಂಕಮ್ಮನ ಕೆಲಸ ಮರಳಿಸಿ. ಆ ಆದೇಶವನ್ನು ನಿಮ್ಮ ಅದೇ ಅಧಿಕಾರಿ ಪಂಚಾಯ್ತಿ ಕಟ್ಟೆಯ ಮೇಲೆ ನಿಂತು, ಊರಿಗೆಲ್ಲ ಕೇಳುವಂತೆ ಓದಲಿ. ಸುಳ್ಳು ಹೇಳಿದ್ದಕ್ಕೆ ನನ್ನನ್ನು ತೆಗೆಯುವಿರಾದರೆ ತೆಗೆಯಿರಿ. ಮೊದಲು ಅವಳು ಒಳಗೆ ಬರಲಿ, ಆಮೇಲೆ ನಾನು ಹೊರಗೆ ಹೋಗುತ್ತೇನೆ.

ಇಂತಿ,
ಈ ಸಲ ಯಾರೂ ಹೆದರಿಸದೆಯೇ ಸಹಿ ಹಾಕುತ್ತಿರುವ
ಬೆನಕಪ್ಪ, ಸದ್ಯಕ್ಕೆ ವೀಕ್ಷಕ