ಅರ್ಧ ಊರಿನ ರಕ್ತದಲ್ಲಿ

ಮಾರ್ಚ್ 4, ಗ್ವಾಂಗ್‌ಝೌ

ಇವತ್ತೂ ಮೆಷಿನ್‌ಗೆ ರಕ್ತದ ಮಾದರಿ ಹಾಕಿದ್ದೇ ಕೆಲಸ. ಮೂಗು-ಗಂಟಲಿನ ಕ್ಯಾನ್ಸರ್ ಬಂದವರದು ಒಂದು ಕಡೆ, ಬಾರದವರದು ಇನ್ನೊಂದು ಕಡೆ. ಡಿಎನ್‌ಎಯಲ್ಲಿ ಎಲ್ಲಿ ಒಂದಕ್ಷರ ವ್ಯತ್ಯಾಸ ಅಂತ ಹುಡುಕಾಟ. ಬಂದವರ ಪೈಕಿ ಅಣ್ಣನೂ ಒಬ್ಬ.

ಸಂಜೆ ಅವನ ಮನೆಗೆ ಹೋದೆ. ರೇಡಿಯೇಷನ್‌ನಿಂದ ಗಂಟಲು ಸುಟ್ಟು ಗಂಜಿಯೂ ಇಳಿಯುತ್ತಿಲ್ಲ. ಅಷ್ಟರಲ್ಲಿ ಫೂನ್ ಅಮ್ಮ ಬಂದರು — ಅಣ್ಣನ ಮಗಳು ಯಿನ್‌ಳನ್ನು ಸೊಸೆ ಮಾಡಿಕೊಳ್ಳಬೇಕಾದವರು. ಕೂರಲೂ ಇಲ್ಲ.

"ಅಪ್ಪನಿಗೆ ಬಂದದ್ದು ಮಗಳಿಗೆ ಬರಲ್ವಾ? ನಿಮ್ಮದೇ ಲ್ಯಾಬ್ ಅಲ್ವಾ, ಹುಡುಗಿ ರಕ್ತ ನೋಡ್ಸಿ. ಆಮೇಲೆ ಮದುವೆ ದಿನ ಗೊತ್ತು ಮಾಡೋಣ."

ಅಣ್ಣ ಗಂಜಿ ಬಟ್ಟಲನ್ನು ಅತ್ತ ಸರಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 6

ಯಿನ್ ರಕ್ತ ನೋಡಬಹುದಾ ಅಂತ ಬಾಸ್ ಲ್ಯೂಂಗ್ ಮೇಡಂ ಹತ್ತಿರ ಕೇಳಿದೆ. ಉಗಿಸಿಕೊಂಡೆ. "ಇದೇನು ಶಾಸ್ತ್ರ ಹೇಳೋ ಅಂಗಡೀನಾ?"

ಯಿನ್ ಅತ್ತಿದ್ದಾಳೆ. "ಬಿಡಿ ಅತ್ತೆ, ಮದುವೆನೇ ಬೇಡ" ಅಂದಳು.

ಮಾರ್ಚ್ 19

ಬಂತು!! ಲೆಕ್ಕ ಮುಗಿದು ಚಿತ್ರ ಪರದೆಗೆ ಬಂತು. ಒಂದೊಂದು ಚುಕ್ಕಿ ಡಿಎನ್‌ಎಯ ಒಂದೊಂದು ಜಾಗ; ಮೇಲೇರಿದಷ್ಟೂ ಕಾಯಿಲೆಯ ನಂಟು ಗಟ್ಟಿ. ಎಲ್ಲ ಕಡೆ ನೆಲಕ್ಕಂಟಿದ ಚುಕ್ಕಿಗಳು. ಆರನೆಯ ಕ್ರೋಮೋಸೋಮಿನ ಮೇಲೆ ಮಾತ್ರ — ಅಬ್ಬಾ — ಚುಕ್ಕಿಯ ಮೇಲೆ ಚುಕ್ಕಿ ಏರಿ ಗೋಪುರ!

ಮೇಡಂ ಗದರಿದರು. "ಕುಣೀಬೇಡ. ಆರೋಗ್ಯವಾಗಿರೋರ ಲೆಕ್ಕಾನೂ ನೋಡು."

ನೋಡಿದೆ. ಅದೇ ಅಕ್ಷರ ಅವರಲ್ಲೂ ಇದೆ! ಅರ್ಧಕ್ಕರ್ಧ ಜನರಲ್ಲಿ. ರೋಗಿಗಳಲ್ಲಿ ಕೊಂಚ ಹೆಚ್ಚು, ಅಷ್ಟೇ. ಆ ಕೊಂಚ ಒಬ್ಬಿಬ್ಬರ ರಕ್ತದಲ್ಲಿ ಕಾಣುವಂಥದ್ದೇ ಅಲ್ಲ; ಸಾವಿರಾರು ಜನ ಸೇರಿದ್ದಕ್ಕೆ ಕಂಡಿತು. ಈ ಊರು-ಕೇರಿ ಹುಟ್ಟುವ ಮೊದಲೇ ಯಾರಲ್ಲೋ ಶುರುವಾಗಿ, ಯಾರ‍್ಯಾರ ಮೈಯಲ್ಲೋ ಹಾದು ಬಂದದ್ದು... ಏನು ಸೋಜಿಗವಪ್ಪ! ಊಟ ಮಾಡಿದೆನೋ ಇಲ್ಲವೋ, ನೆನಪಿಲ್ಲ.

ಮಾರ್ಚ್ 31, ಭಾನುವಾರ

ಚಹಾ ಮನೆಯಲ್ಲಿ ಅಣ್ಣ, ಅತ್ತಿಗೆ, ಫೂನ್ ಅಮ್ಮ, ನಾನು.

"ಯಿನ್ ರಕ್ತ ನೋಡಿದ್ರಾ?" ಫೂನ್ ಅಮ್ಮ ಕೇಳಿದರು.

"ಇಲ್ಲ. ನೋಡಿದ್ರೂ ಅದೊಂದರಿಂದ ಏನೂ ಹೇಳೋಕಾಗಲ್ಲ. ಆ ಅಕ್ಷರ ಅರ್ಧ ಊರಿಗಿದೆ. ಇಲ್ಲಿ ನಾಲ್ಕು ಜನ ಕೂತಿದ್ದೀವಲ್ಲ, ಇಬ್ಬರಲ್ಲಿ ಇದ್ದರೂ ಇದ್ದೀತು."

"ನನ್ನಲ್ಲೂ?"

"ಇರಬಹುದು ಅಮ್ಮ. ಅಪ್ಪನಿಗೆ ಬಂದಿರೋದ್ರಿಂದ ಯಿನ್ ವರ್ಷಕ್ಕೊಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಲಿ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ."

ಸೀಗಡಿ ಕಡುಬಿಗೆ ಕೈ ಹಾಕಿದ್ದ ಫೂನ್ ಅಮ್ಮ ಅದನ್ನು ತಟ್ಟೆಗೇ ವಾಪಸ್ ಇಟ್ಟರು.

ಆಗ ಅಣ್ಣ, ಒಡೆದ ದನಿಯಲ್ಲಿ: "ಅರ್ಧ ಊರಿಗಿದ್ರೆ ನನಗೇ ಯಾಕೆ ಬಂತು?"

"ಗೊತ್ತಿಲ್ಲಣ್ಣ. ಅದು ಗೊತ್ತಾಗೋಕೆ ಇನ್ನೂ ಎಷ್ಟೋ ಜನರ ರಕ್ತ ಬೇಕು."

ಫೂನ್ ಅಮ್ಮ ಅಣ್ಣನ ಬಟ್ಟಲಿಗೆ ಚಹಾ ಬಗ್ಗಿಸಿದರು. ಆಮೇಲೆ ಅಂಗಿಯ ತೋಳು ಮಡಚಿ ನನ್ನ ಮುಂದೆ ಕೈ ಚಾಚಿದರು.

"ನಂದೂ ತಗೋ. ಈ ವಾರಾನೇ ತಗೊಂಡ್ಬಿಡು. ಆಮೇಲೆ ಮದುವೆ ಓಡಾಟ, ನಂಗೆ ಪುರಸೊತ್ತಿರಲ್ಲ."

ಅಣ್ಣ, ನಮ್ಮ ಕಡೆಯ ರೂಢಿಯಂತೆ ಚಹಾಕ್ಕೆ ವಂದಿಸುತ್ತ, ಎರಡು ಬೆರಳಿನಿಂದ ಮೇಜು ತಟ್ಟಿದ. ತಟ್ಟುತ್ತಲೇ ಇದ್ದ. ಅತ್ತಿಗೆ ಆಗಲೇ ಯಿನ್‌ಗೆ ಫೋನ್ ಹಚ್ಚಿ, "ಮದುವೆ ನಡೆಯುತ್ತಂತೆ ಕಣೇ" ಅನ್ನುತ್ತಿದ್ದರು.