ಗುಡಿಸಿದ ನೂರು ಗಜ

ಬಿಳಿಗಣಿವೆ,
ಹೆಪ್ಪುದಿಂಗಳ ನಲವತ್ತೊಂದನೆಯ ದಿನ, 2287

ರಸ್ತೆ ಪರೀಕ್ಷೆ ಮಾಡುತ್ತಿರುವ ಹಿರಿಯರಿಗೆ,

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಹೆಪ್ಪುದಿಂಗಳು ಎಂದರೆ ನೆಲ ಹೆಪ್ಪುಗಟ್ಟಿರುವಷ್ಟೂ ಕಾಲ. ಹಿಮ ಕರಗಿದ ಮೇಲೆಯೇ ಅದು ಮುಗಿಯುವುದು. ಇಂಥ ವಿಚಿತ್ರ ಪದಗಳು ನಡುವೆ ನುಸುಳಿದರೆ ಕ್ಷಮಿಸಿ. ಸಿಟ್ಟು ನುಸುಳಿದರೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಾನು ರಾಚವ್ವ, ನಿಮಗಿಂತ ಎಷ್ಟೋ ತಲೆಮಾರು ಆಮೇಲೆ ಹುಟ್ಟಿದವಳು, ಈ ಊರಿನ ಬಿರುಕುಗಾವಲಿನವಳು. ಬೆಳಗಾದರೆ ಕೋಲು ಹಿಡಿದು ಮರುದಾರಿಯನ್ನು ಕುಟ್ಟುತ್ತಾ ನಡೆಯುವುದು, ಟೊಳ್ಳು ಸದ್ದು ಬಂದಲ್ಲಿ ಕೆಂಪು ಬಟ್ಟೆ ಕಟ್ಟುವುದು ನನ್ನ ಕೆಲಸ. ಮರುದಾರಿ ಎಂದರೆ ನೀವೇ ಹಾಕಿಕೊಟ್ಟ ರಸ್ತೆ: ನಿಮ್ಮ ಸವೆದ ಟೈರು, ಕ್ಯಾರಿಬ್ಯಾಗು, ಕೆಡವಿದ ಮನೆಗಳ ಕಾಂಕ್ರೀಟು ಎಲ್ಲ ಬೆರೆಸಿದ್ದು. ಕಸದಿಂದ ರಸ್ತೆ ಮಾಡಿದಿರೆಂದು ನನಗೆ ಬೇಸರವಿಲ್ಲ. ನಾವೂ ಏನನ್ನೂ ಎಸೆಯುವವರಲ್ಲ. ನನ್ನ ಕೌದಿಯಲ್ಲಿ ಅಜ್ಜಿಯ ಸೀರೆಯಿದೆ, ಬೂಟಿನ ಅಟ್ಟೆಯಲ್ಲಿ ನಿಮ್ಮದೇ ಟೈರಿದೆ. ಆದರೆ ಅದನ್ನು ಪರೀಕ್ಷೆ ಮಾಡಿದ ರೀತಿಯಿದೆಯಲ್ಲ, ಅಯ್ಯೋ ಪುಣ್ಯಾತ್ಮರೇ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ!

ನಿಮ್ಮ ಕಚೇರಿಯ ಮುಂದೆ ಹಾಕಿದ ನೂರು ಗಜದ ಪರೀಕ್ಷಾ ರಸ್ತೆ ಇವತ್ತಿಗೂ ಹಾಗೇ ಇದೆ, ಒಂದು ಗೆರೆ ಬಿದ್ದಿಲ್ಲ. ಯಾಕೆ ಬಿದ್ದೀತು? ದೊಡ್ಡವರು ನೋಡಲು ಬರುತ್ತಾರೆಂದು ದಿನಾ ಬೆಳಗ್ಗೆ ಅದರ ಮೇಲಿನ ಹಿಮ ಗುಡಿಸಿದಿರಿ, ಅಂಚಿಗೆ ಸುಣ್ಣ ಬಳಿಸಿದಿರಿ, ರಂಗೋಲಿ ಬೇರೆ! ನೆಂಟರು ಬರುವಾಗ ಅಂಗಳ ಚೊಕ್ಕಟ ಇಡುವ ಅಭ್ಯಾಸ, ಪಾಪ. ಆ ವಾಡಿಕೆ ಇನ್ನೂ ನಿಂತಿಲ್ಲ. ಊರಿನವರು ಈಗಲೂ ಸರದಿಯ ಮೇಲೆ ಗುಡಿಸುತ್ತಾರೆ. ಈ ನೂರು ಗಜ ಗಟ್ಟಿ ನಿಂತಿತೆಂದು ಅದೇ ಮಿಶ್ರಣವನ್ನು ಕಣಿವೆಯುದ್ದಕ್ಕೂ ಹಾಸಿದಿರಿ. ಆ ಉದ್ದದ ರಸ್ತೆಯನ್ನು ಗುಡಿಸುವವರು ಯಾರು? ಅಲ್ಲಿ ಹಿಮ ಹಗಲು ಕರಗಿ ನೀರಾಗಿ ಸಂದಿಗೆ ಇಳಿಯುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗಿ ಉಬ್ಬುತ್ತದೆ, ರಸ್ತೆ ಹಪ್ಪಳದ ಹಾಗೆ ಒಡೆಯುತ್ತದೆ. ಸರಿಯಾಗಿ ಕರಗಿಸದೆ ಹಾಕಿದ ನಿಮ್ಮ ಕ್ಯಾರಿಬ್ಯಾಗುಗಳು ಹೊಂಡದಿಂದ ಇಣುಕುತ್ತವೆ. ಒಂದರ ಮೇಲೆ ‘ಮತ್ತೆ ಬನ್ನಿ’ ಎಂದು ಇನ್ನೂ ಓದಲು ಬರುತ್ತದೆ. ಪ್ರತಿ ವರ್ಷ ಹಿಮ ಕರಗುವಾಗ ಆಸ್ಪತ್ರೆಯ ಕಡೆಗೆ ಒಂದು ಗಾಡಿಯೂ ಹೋಗುವುದಿಲ್ಲ.

ಹೋದ ಸಲ ನನ್ನ ಮಗಳು ಕೇದಗೆಯನ್ನು ಹೆರಿಗೆ ನೋವಿನಲ್ಲಿ ಆ ಹೊಂಡಗಳ ಮೇಲೆ ಡೋಲಿಯಲ್ಲಿ ಹೊತ್ತೆವು. ಕೂಸು ದಾರಿಯಲ್ಲೇ ಹೋಯಿತು. ಈಗ ಮತ್ತೆ ಬಸುರಿ. ದಿನ ತುಂಬುವುದು ಹಿಮ ಕರಗುವ ಹೊತ್ತಿಗೇ. ಮುಂಚೆಯೇ ಕರೆದೊಯ್ಯಬಾರದೇ ಎನ್ನುತ್ತೀರಿ. ನೋವು ಬರದೆ ಅಲ್ಲಿ ಹಾಸಿಗೆ ಕೊಡುವುದಿಲ್ಲ ಸ್ವಾಮಿ.

ಇವತ್ತು ಗುಡಿಸುವ ಸರದಿ ನಮ್ಮ ಮನೆಯದು. ಕೇದಗೆ ತುಂಬಿದ ಹೊಟ್ಟೆ ಹೊತ್ತುಕೊಂಡೇ ಪೊರಕೆ ಎತ್ತಿದಳು, ವಾಡಿಕೆ ತಪ್ಪಬಾರದಂತೆ. ನಾನು ಅದನ್ನು ಕಿತ್ತುಕೊಂಡು ಒಲೆಗೆ ಹಾಕಿದೆ.

ನೀವೂ ನಿಮ್ಮ ಪೊರಕೆ ಕೆಳಗಿಡಿ. ಕೇಳುವುದು ಇಷ್ಟೇ. ಒಂದೇ ಒಂದು ಚಳಿಗಾಲ ಆ ನೂರು ಗಜದ ಮೇಲೆ ಹಿಮ ಬಿದ್ದಿರಲಿ, ಕರಗಲಿ, ಮತ್ತೆ ಹೆಪ್ಪುಗಟ್ಟಲಿ. ದೊಡ್ಡವರು ಬಂದರೆ ಜಾರಿ ಬೀಳಲಿ. ರಸ್ತೆ ನಿಮ್ಮ ಕಣ್ಣೆದುರಿಗೇ ಒಡೆಯಲಿ, ಆಮೇಲೆ ಮಿಶ್ರಣ ತಿದ್ದಿ ಕಣಿವೆಗೆ ಹಾಸಿ. ನಿಮಗೆ ಮುಖಭಂಗವಾದೀತು, ನನ್ನ ಮೊಮ್ಮಗು ಆಸ್ಪತ್ರೆ ಸೇರೀತು.

ಇಂತಿ,
ರಾಚವ್ವ