ಫ್ರೀಜರಿನಲ್ಲಿ ಅಪ್ಪನ ಮೀನು

ಲಿಟಲ್ ಎಲ್ಮ್
೨೪ ಏಪ್ರಿಲ್ ೨೦೦೪

ಅನಘಾಳ ಅಪ್ಪನಿಗೆ,

ವಾರಿಜಾ ಮಾಡುವ ನಮಸ್ಕಾರ. ‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಬರೀ ಹೆಸರು ಬರೆದರೆ ಕರೆಂಟ್ ಬಿಲ್ಲಿನ ಹಾಗೆ ಕಾಣುತ್ತಿತ್ತು. ಫೋನ್ ಮಾಡಿದರೆ ಚಂದ್ರಮೋಹನ ಮನೆಯಲ್ಲಿಲ್ಲ ಎಂದು ನಿಮ್ಮ ಆನ್ಸರಿಂಗ್ ಮೆಷಿನ್ ನಿಮ್ಮದೇ ದನಿಯಲ್ಲಿ ಹೇಳುತ್ತದೆ. ನೀವು ಹ್ಯೂಸ್ಟನ್ನಿಗೆ ಶಿಫ್ಟ್ ಆಗಿ ವರ್ಷವಾಯಿತು. ಯೋಚಿಸಲು ಸಮಯ ಬೇಕೆಂದು ನಿಮ್ಮ ಗೆಳೆಯ ಜಯತೀರ್ಥರ ಕೈಲಿ ಹೇಳಿ ಕಳಿಸಿದಿರಿ. ಯೋಚಿಸಿ. ಈ ಕಾಗದ ಅದಕ್ಕಲ್ಲ, ಒಂದು ಮೀನಿನ ವಿಷಯಕ್ಕೆ.

ಯುಗಾದಿ ಮುಗಿದ ಮೇಲೆ ಮೆರೆಡಿತ್ ಜಲಾಶಯಕ್ಕೆ ವಾಲ್‌ಐ ಮೀನು ಹಿಡಿಯಲು ಕರೆದುಕೊಂಡು ಹೋಗುತ್ತೇನೆಂದು ಮಗಳಿಗೆ ಮಾತು ಕೊಟ್ಟವರು ನೀವು. ಗೈಡನ್ನು ಬುಕ್ ಮಾಡಿದವರೂ ನೀವೇ. ಹಿಂದಿನ ದಿನ ನಮ್ಮ ಮೆಷಿನ್ನಿನಲ್ಲಿ, ಬರಲಾಗುವುದಿಲ್ಲ ಎಂದವರೂ ನೀವೇ. ಅವಳು ಆಗಲೇ ಲೈಫ್ ಜಾಕೆಟ್ ಹಾಕಿಕೊಂಡು ಸೋಫಾ ಮೇಲೆ ಕೂತಿದ್ದಳು. ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ದೇವರ ಹಣ್ಣು ಹೆಚ್ಚದ ನಾನು, ಅರ್ಧ ದಿನ ಡ್ರೈವ್ ಮಾಡಿ ಮೀನು ಹಿಡಿಯಲು ಹೋದೆ. ನಗಬೇಡಿ.

ಗೈಡ್ ಡೇಲ್ ವಯಸ್ಸಾದವನು, ಮಾತು ಕಡಿಮೆ. ವಸಂತದಲ್ಲಿ ಈ ಮೀನುಗಳು ಮೊಟ್ಟೆಯಿಡಲು ಅಣೆಕಟ್ಟಿನ ಕಲ್ಲುಗಳ ಬಳಿ ಬರುತ್ತವಂತೆ. ದೋಣಿಯನ್ನು ಅಲ್ಲೇ ನಿಲ್ಲಿಸಿದ. ಗಾಳಿಗೆ ಅದು ಹೊಯ್ದಾಡುವಾಗ ನಾನು ಎರಡೂ ಕೈಯಲ್ಲಿ ಸೀಟು ಹಿಡಿದು ರಾಯರನ್ನು ನೆನೆಯುತ್ತಿದ್ದೆ. ಡ್ಯಾಡ್ ಯಾಕೆ ಬರಲಿಲ್ಲ ಎಂದು ಅವನು ಕೇಳಿದ. ನಿಮ್ಮ ಮಗಳು ಒಂದಿಷ್ಟೂ ತಡವರಿಸದೆ, ಹೀ ಹ್ಯಾಸ್ ಫೀವರ್ ಎಂದಳು. ನಾನು ನೀರು ನೋಡುತ್ತ ಕೂತೆ.

ಮೊದಲು ಸಿಕ್ಕಿದ್ದು ಮೊಟ್ಟೆ ತುಂಬಿದ ಹೆಣ್ಣು. ಡೇಲ್ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ. ಎರಡನೆಯದನ್ನು ಬಿಡಲು ಇವಳು ಒಪ್ಪಲೇ ಇಲ್ಲ. ಇದು ಅಪ್ಪನಿಗೆ ಎಂದಳು, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಅವಳ ಬಾಯಿಂದ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಡೇಲ್ ಅದನ್ನು ಕೊಯ್ದು, ಮುಳ್ಳು ತೆಗೆದು, ಕವರಿಗೆ ಹಾಕಿ, ಐಸಿನಲ್ಲಿಟ್ಟು ಕೊಟ್ಟ.

ಈಗ ಅದು ನಮ್ಮ ಫ್ರೀಜರಿನಲ್ಲಿ, ತೆಂಗಿನ ತುರಿಯ ಪಕ್ಕದಲ್ಲಿದೆ. ನೀವು ಮೀನು ತಿನ್ನುತ್ತೀರೆಂದು ಗೊತ್ತಾದಾಗ ನಾನೆಷ್ಟು ರಂಪ ಮಾಡಿದ್ದೆ! ಹೊರಗೇ ತಿಂದು ಬನ್ನಿ, ಹೊಸ್ತಿಲು ದಾಟಿಸಬೇಡಿ ಅಂದಿದ್ದೆ. ಈಗ ಚಟ್ನಿಗೆ ಕಾಯಿ ತೆಗೆಯಲು ಹೋದರೆ ಮೊದಲು ಅದರ ದರ್ಶನ. ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಅನಘಾ ಸ್ಕೂಲಿನಿಂದ ಬಂದವಳೇ ಶೂ ಬಿಚ್ಚುವ ಮೊದಲು ಫ್ರೀಜರ್ ತೆಗೆದು ನೋಡುತ್ತಾಳೆ. ಅಪ್ಪ ಬಂದಾಗ ಅಡುಗೆ ಯಾರು ಮಾಡುವುದು ಎಂದು ಕೇಳುತ್ತಾಳೆ. ಅಪ್ಪ ಬರದಿದ್ದರೆ ಎಂದು ಮಾತ್ರ ಕೇಳುವುದಿಲ್ಲ. ನನಗೆ ಅದೇ ಭಯ.

ರೀ, ನನಗೆ ಬೇರೇನೂ ತೋಚುತ್ತಿಲ್ಲ. ಜಗಳ ಮಾಡುವುದಿಲ್ಲ, ಯಾಕೆ ಏನು ಎಂದು ಕೇಳುವುದೂ ಇಲ್ಲ. ಒಂದು ಭಾನುವಾರ ಬಂದು, ಅವಳ ಎದುರಿಗೆ ಅದನ್ನು ತಿಂದು ಹೋಗಿ. ಹೊಸ ಬಾಣಲೆ ತಂದಿಟ್ಟಿದ್ದೇನೆ.

ಇಂತಿ,
ವಾರಿಜಾ

ಮರೆತದ್ದಲ್ಲ, ಮೇಲೆ ಬರೆಯಲಾಗದ್ದು: ಬುಧವಾರದ ಬಿರುಗಾಳಿಗೆ ಕರೆಂಟ್ ಹೋಗಿ ಮರುದಿನವೂ ಬರಲಿಲ್ಲ. ಮೀನು ಕೆಟ್ಟು ನಾರಿತು. ಅವಳು ಸ್ಕೂಲಿಗೆ ಹೋದ ಮೇಲೆ ಹಿತ್ತಲಲ್ಲಿ ಹೂತೆ. ಅಂಗಡಿಯಲ್ಲಿ ವಾಲ್‌ಐ ಸಿಗಲಿಲ್ಲ. ಹಾಗೇ ಕಾಣುವ ಬೇರೊಂದು ಮೀನನ್ನು ತಂದು, ನನ್ನ ಕೈಯಾರೆ ಅದೇ ಅಳತೆಗೆ ಕೊಯ್ದು, ಡೇಲ್ ಕೊಟ್ಟ ಕವರನ್ನೇ ತೊಳೆದು ಅದರಲ್ಲಿಟ್ಟಿದ್ದೇನೆ. ಅವಳಿಗೆ ತಿಳಿದಿಲ್ಲ. ಬಾಯಿಗಿಟ್ಟರೆ ನಿಮಗೆ ಗೊತ್ತಾಗುತ್ತದೆ. ಆಗ ಅವಳು ನಿಮ್ಮ ಮುಖವನ್ನೇ ನೋಡುತ್ತಿರುತ್ತಾಳೆ. ಚೆನ್ನಾಗಿದೆ ಅನ್ನಿ.